ಲಾಖ್ ಆವ್‌ನ ನೀರು ಯಾರದು?

ಸ್ಕಾಟ್ಲೆಂಡ್ ನೋಡಲು ಬರುವ ನಮ್ಮವರಲ್ಲಿ ಜಾಸ್ತಿ ಜನ ಲಾಖ್ ನೆಸ್‌ಗೋ ಲಾಖ್ ಲೋಮಂಡ್‌ಗೋ ಹೋಗುತ್ತಾರೆ. ಎರಡೂ ಒಳ್ಳೆಯ ಸರೋವರಗಳೇ. ಆದರೆ ನನ್ನನ್ನು ಕೇಳಿದರೆ ಲಾಖ್ ಆವ್‌ಗೆ ಹೋಗಿ ಅಂತೀನಿ. ಪಶ್ಚಿಮದ ಆರ್ಗೈಲ್ ಸೀಮೆಯಲ್ಲಿದೆ. ಉದ್ದ ಸುಮಾರು 41 ಕಿಲೋಮೀಟರ್. ಸ್ಕಾಟ್ಲೆಂಡಿನ ಸಿಹಿನೀರಿನ ಸರೋವರಗಳಲ್ಲಿ ಇದಕ್ಕಿಂತ ಉದ್ದದ್ದು ಇನ್ನೊಂದಿಲ್ಲ. ಅಗಲ ಮಾತ್ರ ಬಹುತೇಕ ಕಡೆ ಒಂದು ಕಿಲೋಮೀಟರಿನ ಆಸುಪಾಸು. ಹಾಗಾಗಿ ನೀರಿನ ಪಕ್ಕ ಎಲ್ಲಿ ನಿಂತರೂ ಆಚೆ ದಡದ ಮರ, ಕುರಿ, ಮನೆ ಎಲ್ಲ ಕಾಣುತ್ತವೆ. ಉತ್ತರದ ತುದಿಯಲ್ಲಿ 1,126 ಮೀಟರ್ ಎತ್ತರದ ಬೆನ್ ಕ್ರುವಾಖನ್ ಬೆಟ್ಟ ನೇರ ನೀರಿನಿಂದಲೇ ಎದ್ದಂತೆ ನಿಂತಿದೆ.

ನಮ್ಮದು ಸಾಗರದ ಕಡೆ. ಅಜ್ಜನ ಮನೆ, ತೋಟ, ಗದ್ದೆ ಎಲ್ಲ ಲಿಂಗನಮಕ್ಕಿ ಹಿನ್ನೀರಿನಲ್ಲಿ ಹೋಯಿತು. ನಮ್ಮ ಮನೆಯಲ್ಲಿ 'ಮುಳುಗಡೆ' ಅನ್ನುವುದು ಒಂದು ಕಾಲದ ಹೆಸರು. ಮುಳುಗಡೆಗೆ ಮುಂಚೆ, ಮುಳುಗಡೆ ಆದಮೇಲೆ ಅಂತಲೇ ಹಿರಿಯರು ಲೆಕ್ಕ ಹಾಕುತ್ತಿದ್ದರು. ಹೀಗಾಗಿ ದೊಡ್ಡ ನೀರು ಎಷ್ಟೇ ಚಂದ ಇರಲಿ, ಇದು ಯಾರದು, ಇದರಿಂದ ಯಾರಿಗೆ ಏನು ಸಿಕ್ಕಿತು, ಯಾರು ಏನು ಕಳೆದುಕೊಂಡರು ಅನ್ನುವ ಯೋಚನೆ ನನಗೆ ತಾನಾಗಿ ಬರುತ್ತದೆ. ಲಾಖ್ ಆವ್‌ನಲ್ಲಿ ದೋಣಿ ಬಿಟ್ಟು, ಮೀನು ಹಿಡಿದು, ಬೆಟ್ಟ ಹತ್ತಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಇಲ್ಲಿ ನೀರಿನ ಮೇಲಿನ ಹಕ್ಕನ್ನು ಬಿಡಿ ಬಿಡಿಯಾಗಿ ಹಂಚಿದ್ದಾರೆ. ನಡೆಯುವ ಹಕ್ಕು ಬೇರೆ, ದೋಣಿಯದ್ದು ಬೇರೆ, ಮೀನಿನದ್ದು ಬೇರೆ, ಕರೆಂಟಿನದ್ದು ಬೇರೆ. ಒಬ್ಬರ ಹಕ್ಕು ಇನ್ನೊಬ್ಬರನ್ನು ಪೂರ್ತಿ ಹೊರಗೆ ಹಾಕುವುದಿಲ್ಲ. ಆ ಹಂಚಿಕೆ ನನಗೆ ಅಲ್ಲಿನ ನೋಟಕ್ಕಿಂತ ಹೆಚ್ಚು ಹಿಡಿಸಿತು.

ನಾವು ಹೋಗಿದ್ದು ಮೇ ಕೊನೆಯಲ್ಲಿ, ನಾನು ಮತ್ತು ನನ್ನ ಹೆಂಡತಿ. ಜೊತೆಗೆ ನಮ್ಮ ಆಫೀಸಿನ ಒಬ್ಬ ಹಿರಿಯರು ಬಂದಿದ್ದರು. ಅವರು ಹುಡುಗನಾಗಿದ್ದಾಗಿನಿಂದ ಈ ಸರೋವರದಲ್ಲಿ ಗಾಳ ಹಾಕಿದವರು. ದೋಣಿ ಬಾಡಿಗೆಗೆ ಕೊಡುವಾತ ಲೈಫ್ ಜಾಕೆಟ್ ತೊಡಿಸಿ, ಚಿಕ್ಕ ಮೋಟಾರು ಶುರು ಮಾಡುವುದನ್ನು ತೋರಿಸಿ, ಕೊನೆಗೆ ಆಕಾಶದ ಕಡೆ ಕೈ ಮಾಡಿ, "ನೈಋತ್ಯದ ಗಾಳಿ ಎದ್ದರೆ ತಕ್ಷಣ ವಾಪಸ್ ಬನ್ನಿ" ಅಂದ. ಸರೋವರ ಚಾಚಿಕೊಂಡಿರುವುದು ನೈಋತ್ಯದಿಂದ ಈಶಾನ್ಯಕ್ಕೆ. ಇಲ್ಲಿ ಹೆಚ್ಚಾಗಿ ಬೀಸುವ ಗಾಳಿಯೂ ಅದೇ ದಿಕ್ಕಿನದು. ಎರಡು ಕಡೆ ಬೆಟ್ಟ ಇರುವುದರಿಂದ ಗಾಳಿಗೆ ಬೇರೆ ದಾರಿ ಇಲ್ಲ, ನೀರಿನ ಮೇಲೇ ಮೈಲಿಗಟ್ಟಲೆ ಓಡಿ ಬರುತ್ತದೆ. ಹೊರಟಾಗ ಸುಮ್ನೆ ಮಲಗಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ದೋಣಿಯ ಮೂತಿಗೆ ಬಡಿಯುವ ಅಲೆಯಾಗಿತ್ತು. ಇಲ್ಲಿ ಆಳ ಒಂದು ಕಡೆ 90 ಮೀಟರ್ ದಾಟುತ್ತದೆ. ನೀರು ಬೇಸಿಗೆಯಲ್ಲೂ ಕೊರೆಯುವಷ್ಟು ತಣ್ಣಗೆ. ಈಜು ಬರುತ್ತದೆ ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಜಾಕೆಟ್ ಬಿಚ್ಚಬೇಡಿ.

ಉತ್ತರದ ಅಗಲವಾದ ಭಾಗದಲ್ಲಿ ಚಿಕ್ಕ ಚಿಕ್ಕ ದ್ವೀಪಗಳಿವೆ. ಇನಿಶೇಲ್ ದ್ವೀಪದಲ್ಲಿ ಹಾಳುಬಿದ್ದ ಒಂದು ಚರ್ಚು, ಸುತ್ತ ಹಳೆಯ ಸಮಾಧಿಗಳು. ಎರಡೂ ದಡದ ಊರಿನವರು ತಮ್ಮವರನ್ನು ದೋಣಿಯಲ್ಲಿ ತಂದು ಇಲ್ಲಿ ಮಣ್ಣು ಮಾಡುತ್ತಿದ್ದರು. ಇನ್ನು ಕೆಲವು ದ್ವೀಪಗಳು ದ್ವೀಪಗಳೇ ಅಲ್ಲ, ಸಾವಿರಾರು ವರ್ಷಗಳ ಹಿಂದೆ ಜನ ಮರದ ಕಂಬ ನೆಟ್ಟು, ಕಲ್ಲು ಪೇರಿಸಿ ನೀರೊಳಗೆ ಮಾಡಿಕೊಂಡ ಮನೆಯ ಜಾಗಗಳು. ಕ್ರ್ಯಾನಗ್ ಅಂತಾರೆ. ಲಾಖ್ ಆವ್‌ನಲ್ಲಿ ಅಂಥವು ಸುಮಾರು ಇಪ್ಪತ್ತು ಸಿಕ್ಕಿವೆ. ಒಂದರ ಮೇಲೆ ಈಗ ನಾಲ್ಕು ಮರ ಬೆಳೆದಿವೆ, ಹತ್ತಿರ ಹೋಗಿ ನೋಡಿದರೆ ಅಂಚಿನ ಕಲ್ಲುಗಳು ಮನುಷ್ಯರ ಕೈ ಇಟ್ಟದ್ದು ಅಂತ ಗೊತ್ತಾಗುತ್ತದೆ.

ಕಿಲ್ಖರ್ನ್ ಕೋಟೆಯನ್ನು ಮೊದಲು ನೀರಿನ ಕಡೆಯಿಂದ ನೋಡಬೇಕು. 15ನೇ ಶತಮಾನದ ಮಧ್ಯದಲ್ಲಿ ಗ್ಲೆನಾರ್ಕಿಯ ಕ್ಯಾಂಪ್‌ಬೆಲ್ ಮನೆತನದ ಸರ್ ಕಾಲಿನ್ ಕ್ಯಾಂಪ್‌ಬೆಲ್ ಕಟ್ಟಿಸಿದ್ದು. ಆಗ ಅದು ದ್ವೀಪದ ಮೇಲಿತ್ತು. 1817ರಲ್ಲಿ ಸರೋವರದ ಮಟ್ಟ ತಗ್ಗಿಸಿದ ಮೇಲೆ ದಡಕ್ಕೆ ಸೇರಿಕೊಂಡಿದೆ. ಈಗ ಜೌಗು ಹುಲ್ಲುಗಾವಲಿನ ಮೇಲೆ, ರೈಲ್ವೆ ಸೇತುವೆಯ ಕೆಳಗೆ ಹಾದು ನಡೆದೇ ಹೋಗಬಹುದು. 1760ರಲ್ಲಿ ಸಿಡಿಲು ಬಡಿದ ಮೇಲೆ ಇಲ್ಲಿ ಯಾರೂ ವಾಸ ಮಾಡಲಿಲ್ಲ. ನಾವು ಹೋದಾಗ ಒಳಗೆ ಬಿಟ್ಟರು. ಅಂಗಳದಲ್ಲಿ ಒಂದು ದುಂಡು ಗೋಪುರದ ತಲೆ ಬುಡಮೇಲಾಗಿ ಬಿದ್ದಿದೆ. ಅಷ್ಟು ಎತ್ತರದಿಂದ ಬಿದ್ದರೂ ಒಡೆದು ಚೂರಾಗಿಲ್ಲ. ಗೋಡೆಗೆ ಅಂಟಿಕೊಂಡಿದ್ದ ಅದರ ಬುಡದ ಕಲ್ಲುಗಳು, ಒಂದರ ಮೇಲೊಂದು ಸುತ್ತು ಸುತ್ತಾಗಿ, ಈಗ ಆಕಾಶಕ್ಕೆ ಮುಖ ಮಾಡಿವೆ. ಗಾರೆಯ ಸಂದಿಯಲ್ಲಿ ಪಾಚಿ. ನಾನು ಅದರ ಮೇಲೆ ಕೈ ಇಟ್ಟುಕೊಂಡು ತುಂಬ ಹೊತ್ತು ನಿಂತಿದ್ದೆ. ಕಟ್ಟಿದವರು ಯಾರಿಗೂ ಕಾಣಬಾರದು ಅಂತ ಮುಚ್ಚಿಟ್ಟ ಜೋಡಣೆ ಅದು, ಇವತ್ತು ಮಕ್ಕಳು ಮುಟ್ಟಿ ನೋಡುತ್ತಾರೆ.

ಮೀನಿನ ವಿಷಯಕ್ಕೆ ಬರೋಣ.

ಸ್ಕಾಟ್ಲೆಂಡಿನಲ್ಲಿ ಇಂಗ್ಲೆಂಡಿನ ಹಾಗೆ ಇಡೀ ದೇಶಕ್ಕೆ ಒಂದೇ ಗಾಳದ ಲೈಸೆನ್ಸ್ ಅಂತ ಇಲ್ಲ. ಆದರೆ ಯಾರು ಬೇಕಾದರೂ ಹಿಡಿಯಬಹುದು ಅಂತಲೂ ಅಲ್ಲ. ಮೀನು ಹಿಡಿಯುವ ಹಕ್ಕು ದಡದ ಜಮೀನಿನವರದ್ದು. ಸಾಲ್ಮನ್ ಮೀನಿನ ಹಕ್ಕಂತೂ ಜಮೀನಿನಿಂದಲೂ ಪ್ರತ್ಯೇಕವಾದ ಆಸ್ತಿ. ಲಾಖ್ ಆವ್‌ಗೆ 1976ರ ಮೀನುಗಾರಿಕೆ ಕಾಯ್ದೆಯಡಿ ಹೊರಡಿಸಿದ ರಕ್ಷಣಾ ಆದೇಶ ಇದೆ. ಅದರ ಪ್ರಕಾರ ಮಾಲೀಕರು ನ್ಯಾಯವಾದ ದರಕ್ಕೆ ಜನರಿಗೆ ಪರ್ಮಿಟ್ ಕೊಡಬೇಕು, ಜನ ಪರ್ಮಿಟ್ ಇಲ್ಲದೆ ಹಿಡಿದರೆ ಅದು ಅಪರಾಧ. ಎರಡೂ ಕಡೆಯವರನ್ನು ಕಟ್ಟಿಹಾಕುವ ನಿಯಮ. ಬ್ರೌನ್ ಟ್ರೌಟ್ ಹಿಡಿಯುವ ಕಾಲ ಮಾರ್ಚ್ 15ರಿಂದ ಅಕ್ಟೋಬರ್ 6ರವರೆಗೆ. ಸಾಲ್ಮನ್‌ಗೆ ಭಾನುವಾರ ಗಾಳ ಹಾಕುವಂತಿಲ್ಲ. ಅಂಗಡಿಯಲ್ಲಿ ಒಂದು ದಿನದ ಪರ್ಮಿಟ್ ಬರೆಸಿಕೊಂಡು ಹೋದೆವು.

ಈ ಸರೋವರ ಗಾಳದವರಲ್ಲಿ ಹೆಸರು ಮಾಡಿರುವುದು ಫೆರಾಕ್ಸ್ ಟ್ರೌಟ್‌ನಿಂದ. ನೋಡಲು ಟ್ರೌಟ್, ಬದುಕುವ ರೀತಿ ಬೇರೆ. ಚಿಕ್ಕದಿದ್ದಾಗ ಹುಳ ಹುಪ್ಪಟೆ ತಿನ್ನುತ್ತದೆ. ಒಂದು ಅಳತೆ ದಾಟಿದ ಮೇಲೆ ಮೀನು ತಿನ್ನಲು ಶುರು ಮಾಡುತ್ತದೆ, ಮುಖ್ಯವಾಗಿ ಆಳದಲ್ಲಿರುವ ಆರ್ಕ್ಟಿಕ್ ಚಾರ್ ಮೀನನ್ನು. ಹಿಮಯುಗ ಕಳೆದ ಮೇಲೆ ಈ ಸರೋವರಗಳಲ್ಲೇ ಉಳಿದುಕೊಂಡ ಮೀನು ಚಾರ್. ಅದನ್ನು ತಿಂದುಕೊಂಡು ಫೆರಾಕ್ಸ್ ಬೇರೆ ಟ್ರೌಟ್‌ಗಳಿಗಿಂತ ಎಷ್ಟೋ ಹೆಚ್ಚು ವರ್ಷ ಬದುಕುತ್ತದೆ, ಭಾರಿ ಗಾತ್ರಕ್ಕೆ ಬೆಳೆಯುತ್ತದೆ. 2002ರಲ್ಲಿ ಲಾಖ್ ಆವ್‌ನಲ್ಲಿ ಗಾಳಕ್ಕೆ ಬಿದ್ದ ಒಂದು ಮೀನು 31 ಪೌಂಡ್ 12 ಔನ್ಸ್ ತೂಗಿತು, ಅಂದರೆ 14.4 ಕಿಲೋ. ಬ್ರಿಟನ್ನಿನಲ್ಲಿ ಬ್ರೌನ್ ಟ್ರೌಟ್‌ನ ದಾಖಲೆ ಅದು. ಫೆರಾಕ್ಸ್‌ಗೆ ಗಾಳ ಹಾಕುವವರು ದೋಣಿಯನ್ನು ನಿಧಾನವಾಗಿ ಓಡಿಸುತ್ತ, ಆಳದಲ್ಲಿ ಎರೆಯನ್ನು ಎಳೆಯುತ್ತ ಇಡೀ ದಿನ ಕಳೆಯುತ್ತಾರೆ. ಸೀಸನ್ನಿಗೆ ಒಂದು ಸಿಕ್ಕರೂ ಅದೃಷ್ಟ.

ನಮ್ಮ ಆಸೆ ಅಷ್ಟು ದೊಡ್ಡದಿರಲಿಲ್ಲ. ಒಂದು ಕೊಲ್ಲಿಯ ನೆರಳಿಗೆ ದೋಣಿ ನಿಲ್ಲಿಸಿ, ಪುಕ್ಕದ ನೊಣ ಕಟ್ಟಿದ ಗಾಳ ಬೀಸಿದೆವು. ಹಿರಿಯರು ಎಸೆದರೆ ದಾರ ನೀರಿನ ಮೇಲೆ ಸದ್ದಿಲ್ಲದೆ ಕೂರುತ್ತಿತ್ತು. ಮೊದಲು ಮೀನು ಸಿಕ್ಕಿದ್ದು ನನ್ನ ಹೆಂಡತಿಗೆ. ರಾಡಿನ ತುದಿ ಎರಡು ಸಲ ತಟಪಟ ಅಂದು ಬಗ್ಗಿತು. ಬಲೆಗೆ ಬಂದ ಟ್ರೌಟ್ ಒಂದು ಗೇಣು ಉದ್ದವೂ ಇರಲಿಲ್ಲ. ಹೊಟ್ಟೆ ಬೆಣ್ಣೆ ಬಣ್ಣ, ಬೆನ್ನು ಕಂದು, ಪಕ್ಕದಲ್ಲಿ ಕೆಂಪು ಚುಕ್ಕೆಗಳು. ಒಂದೊಂದು ಕೆಂಪು ಚುಕ್ಕೆಯ ಸುತ್ತ ಯಾರೋ ಬರೆದಂತೆ ತೆಳು ಬಿಳಿ ಉಂಗುರ. "ಕೈ ಮೊದಲು ಒದ್ದೆ ಮಾಡಿಕೊಳ್ಳಿ" ಅಂದರು ಹಿರಿಯರು. ಒಣಗಿದ ಕೈಯಲ್ಲಿ ಹಿಡಿದರೆ ಮೀನಿನ ಮೈ ಮೇಲಿನ ಲೋಳೆ ಕಿತ್ತು ಬರುತ್ತದೆ, ಆಮೇಲೆ ಅದಕ್ಕೆ ರೋಗ ತಗಲುತ್ತದೆ. ಗಾಳದ ಕೊಕ್ಕೆಗೆ ಮುಳ್ಳಿರಲಿಲ್ಲ, ಒಂದು ತಿರುವಿಗೆ ಬಿಟ್ಟುಕೊಂಡಿತು. ಅವಳು ಮೀನನ್ನು ನೀರಿನಲ್ಲೇ ಹಿಡಿದುಕೊಂಡಿದ್ದಳು. ಅದರ ಕಿವಿರು ನಾಲ್ಕಾರು ಸಲ ತೆರೆದು ಮುಚ್ಚಿತು, ಆಮೇಲೆ ಬಾಲ ಬೀಸಿ ಹೋಯಿತು. ಹಿಡಿದು ಬಿಡುವುದಾದರೆ ಹಿಡಿಯುವುದೇಕೆ ಅಂತ ನಾನು ಮೊದಲೆಲ್ಲ ಕೇಳುತ್ತಿದ್ದೆ. ಅವತ್ತು ಅವಳ ಮುಖ ನೋಡಿದ ಮೇಲೆ ಆ ಪ್ರಶ್ನೆ ಕೇಳಬೇಕು ಅನಿಸಲಿಲ್ಲ.

ನಡಿಗೆಯದ್ದು ಇನ್ನೊಂದು ಕತೆ. ಸ್ಕಾಟ್ಲೆಂಡಿನ ಜಮೀನಿನ ದೊಡ್ಡ ಪಾಲು ಇವತ್ತಿಗೂ ಕೆಲವೇ ನೂರು ಮಾಲೀಕರ ಕೈಯಲ್ಲಿದೆ. ಇದು ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಆದರೆ 2003ರ ಭೂ ಸುಧಾರಣಾ ಕಾಯ್ದೆ ಒಂದು ದೊಡ್ಡ ಕೆಲಸ ಮಾಡಿತು. ಜಮೀನು ಯಾರದ್ದೇ ಇರಲಿ, ಜವಾಬ್ದಾರಿಯಿಂದ ನಡೆದುಕೊಂಡರೆ ಅದರ ಮೇಲೆ ನಡೆಯಬಹುದು, ಸೈಕಲ್ ಹೊಡೆಯಬಹುದು, ಸರೋವರದಲ್ಲಿ ಈಜಬಹುದು, ಹುಟ್ಟು ಹಾಕುವ ದೋಣಿ ಇಳಿಸಬಹುದು, ರಾತ್ರಿ ಟೆಂಟ್ ಹಾಕಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. ಜನರ ಮನೆಯಂಗಳಕ್ಕೆ ನುಗ್ಗಬಾರದು, ಬೆಳೆ ತುಳಿಯಬಾರದು, ಗೇಟು ತೆರೆದರೆ ಮುಚ್ಚಬೇಕು. ಮೋಟಾರು ವಾಹನ, ಬೇಟೆ, ಮೀನುಗಾರಿಕೆ ಈ ಹಕ್ಕಿನಲ್ಲಿ ಸೇರಿಲ್ಲ. ಬೆಂಗಳೂರಿನಲ್ಲಿದ್ದಾಗ ನಮ್ಮ ಏರಿಯಾದ ಕೆರೆಗೆ ಬೇಲಿ ಹಾಕಿ, ಬೆಳಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಮಾತ್ರ ಗೇಟು ತೆಗೆಯುತ್ತಿದ್ದರು. ಕೆರೆ ಉಳಿಯಲಿ ಅಂತ ಮಾಡಿದ್ದು, ನನಗೆ ಅರ್ಥವಾಗುತ್ತದೆ. ಆದರೂ ಕಂಬಿಯ ಈಚೆ ನಿಂತು ನೀರು ನೋಡುವಾಗ ಆಗುವ ಬೇಜಾರು ಬೇರೆಯೇ ಅಲ್ವಾ?

ನಾವು ಹತ್ತಿದ್ದು ಫಾಲ್ಸ್ ಆಫ್ ಕ್ರುವಾಖನ್ ಅನ್ನುವ ಪುಟ್ಟ ರೈಲ್ವೆ ನಿಲ್ದಾಣದಿಂದ. ತೊರೆಯ ಪಕ್ಕದಲ್ಲೇ ಕಾಲುದಾರಿ. ಓಕ್, ಬರ್ಚ್ ಮರಗಳ ಕೆಳಗೆ ಕಡಿದಾದ ಏರು. ಬೇರು ಹಿಡಿದು, ಕಲ್ಲು ಹಿಡಿದು ಹತ್ತಬೇಕು. ಗಾಳಿ ನಿಂತ ಕಡೆಯಲ್ಲೆಲ್ಲ ಮಿಡ್ಜ್ ಅನ್ನುವ ಕಣ್ಣಿಗೆ ಕಾಣದಷ್ಟು ಚಿಕ್ಕ ನೊಣಗಳು ಕಿವಿ, ರೆಪ್ಪೆ, ಕೂದಲಿನ ಬುಡಕ್ಕೆ ಮುತ್ತುತ್ತವೆ. ಗಾಳಿ ಸ್ವಲ್ಪ ಜೋರಾದರೆ ಅವಕ್ಕೆ ಹಾರಲು ಆಗುವುದಿಲ್ಲ, ಹಾಗಾಗಿ ವಿಶ್ರಾಂತಿಗೆ ಕೂರುವುದಾದರೆ ಗಾಳಿ ಬೀಸುವ ಬಂಡೆಯ ಮೇಲೆ ಕೂರಿ. ಮರಗಳು ಮುಗಿದ ಮೇಲೆ ಬರೀ ಹುಲ್ಲು, ಕಲ್ಲು, ಕುರಿ. ಆಮೇಲೆ ಇದ್ದಕ್ಕಿದ್ದಂತೆ ಬೆಟ್ಟದ ಮಡಿಲಿಗೆ ಅಡ್ಡವಾಗಿ 316 ಮೀಟರ್ ಉದ್ದದ ಅಣೆಕಟ್ಟು.

ಅದರ ಮೇಲೆ ನಿಂತು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಒಂದು ಕಡೆ ಮೇಲಿನ ನೀರು, ಇನ್ನೊಂದು ಕಡೆ ಕೆಳಗೆ ದೂರದಲ್ಲಿ ಲಾಖ್ ಆವ್ ತೋರಿಸಿದೆ. ಅಮ್ಮ ಕೇಳಿದ್ದು ಒಂದೇ ಮಾತು: "ಅಲ್ಲಿ ಎಷ್ಟು ಮನೆ ಮುಳುಗಿಸಿದ್ರೋ?"

"ಇಲ್ಲಿ ಮೇಲೆ ಮನೆಗಳೇ ಇರಲಿಲ್ಲ ಅಮ್ಮ, ಬರೀ ಗುಡ್ಡ."

"ಹಂಗಾದ್ರೆ ಪುಣ್ಯವಂತರು ಬಿಡು" ಅಂದರು.

ಈ ಅಣೆಕಟ್ಟಿನ ಕೆಲಸ ಹೀಗೆ. ಕರೆಂಟು ಮಿಕ್ಕಿದಾಗ ಲಾಖ್ ಆವ್‌ನ ನೀರನ್ನು ಸುಮಾರು 360 ಮೀಟರ್ ಮೇಲಕ್ಕೆ ಪಂಪ್ ಮಾಡಿ ಇಲ್ಲಿ ತುಂಬಿಸುತ್ತಾರೆ. ಬೇಡಿಕೆ ಏರಿದಾಗ ಅದೇ ಕೊಳವೆಯಲ್ಲಿ ಕೆಳಗೆ ಬಿಡುತ್ತಾರೆ. ಪಂಪೂ ಟರ್ಬೈನೂ ಒಂದೇ ಯಂತ್ರ, ತಿರುಗುವ ದಿಕ್ಕು ಮಾತ್ರ ಬೇರೆ. ಯಂತ್ರಗಳಿರುವುದು ಬೆಟ್ಟದ ಹೊಟ್ಟೆಯೊಳಗೆ. ಒಂದು ಕಿಲೋಮೀಟರ್ ಸುರಂಗದ ಕೊನೆಯಲ್ಲಿ, ಗ್ರಾನೈಟ್ ಕೊರೆದು ಮಾಡಿದ ದೊಡ್ಡ ಗುಹೆ ಇದೆ. 1959ರಲ್ಲಿ ಕೆಲಸ ಶುರುವಾಗಿ 1965ರ ಅಕ್ಟೋಬರ್ 15ರಂದು ರಾಣಿ ಎಲಿಜಬೆತ್ ಉದ್ಘಾಟನೆ ಮಾಡಿದರು. ಈಗಿನ ಸಾಮರ್ಥ್ಯ 440 ಮೆಗಾವಾಟ್. ಗುಹೆ ಕೊರೆದ ಕೂಲಿಗಳನ್ನು 'ಟನಲ್ ಟೈಗರ್ಸ್' ಅಂತ ಕರೆಯುತ್ತಿದ್ದರು. ಐರ್ಲೆಂಡಿನಿಂದ, ಪೋಲೆಂಡಿನಿಂದ, ಹೈಲ್ಯಾಂಡ್ಸ್‌ನ ಹಳ್ಳಿಗಳಿಂದ ಬಂದವರು. ಅವರಲ್ಲಿ 15 ಜನ ಈ ಬೆಟ್ಟದೊಳಗೆ ಸತ್ತರು. ಇಲ್ಲಿ ಮನೆ ಮುಳುಗಲಿಲ್ಲ ನಿಜ, ಆದರೆ ಈ ಕರೆಂಟಿಗೂ ಬೆಲೆ ತೆತ್ತವರು ಇದ್ದಾರೆ.

ಈ ಬೆಟ್ಟಕ್ಕೆ ಒಂದು ಹಳೆಯ ಕತೆಯೂ ಇದೆ. ಕ್ಯಾಲ್ಯಾಖ್ ಅನ್ನುವ ಮುದುಕಿ ಕ್ರುವಾಖನ್ ಬೆಟ್ಟದ ಮೇಲಿನ ಒಂದು ಊಟೆಯನ್ನು ಕಾಯುತ್ತಿದ್ದಳಂತೆ. ಬೆಳಗ್ಗೆ ಮುಚ್ಚಳದ ಕಲ್ಲು ಸರಿಸಿ ನೀರು ಬಿಡಬೇಕು, ಹೊತ್ತು ಮುಳುಗಿದ ಮೇಲೆ ಮುಚ್ಚಬೇಕು. ಒಂದು ಸಂಜೆ ಆಡುಗಳನ್ನು ಅಟ್ಟಿ ಸುಸ್ತಾಗಿ ನಿದ್ದೆ ಹೋದಳು. ರಾತ್ರಿಯೆಲ್ಲ ನೀರು ಹರಿದು ಕಣಿವೆ ತುಂಬಿತು, ಅದರಲ್ಲಿದ್ದ ಜನ, ದನ ಎಲ್ಲ ಮುಳುಗಿದರು. ಹಾಗೆ ಆಗಿದ್ದು ಲಾಖ್ ಆವ್. ಬೆಟ್ಟದ ಮೇಲೆ ಬಿಡುವ, ಮುಚ್ಚುವ ನೀರಿನ ಕತೆ ಕಟ್ಟಿದವರಿಗೆ ಮುಂದೆ ಅದೇ ಜಾಗದಲ್ಲಿ ಅಣೆಕಟ್ಟು ಬರುತ್ತದೆ ಅಂತ ಗೊತ್ತಿರಲು ಸಾಧ್ಯವಿಲ್ಲ. ಟರ್ಬೈನುಗಳ ಹಾಲ್‌ನ ಗೋಡೆಯ ಮೇಲೆ ಮರದ ದೊಡ್ಡ ಕಲಾಕೃತಿಯೊಂದಿದೆ, ಅದರಲ್ಲಿ ಈ ಬೆಟ್ಟದ ಕತೆಯಿದೆ.

ಶರಾವತಿ ಕಣಿವೆಯಲ್ಲೂ ಈಗ ಇದೇ ತಂತ್ರದ ಯೋಜನೆಯ ಮಾತು ನಡೆಯುತ್ತಿದೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, 2,000 ಮೆಗಾವಾಟ್. ಕ್ರುವಾಖನ್ ನೋಡಿ ಬಂದಿದ್ದೀಯಲ್ಲ, ನೀನೇನಂತೀಯ ಅಂತ ಊರಿನ ಗೆಳೆಯರು ಕೇಳಿದರು. ಗಾಳಿ, ಬಿಸಿಲಿನ ಕರೆಂಟು ಕೂಡಿಡಲು ಇಂಥದ್ದು ಬೇಕು ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಕ್ರುವಾಖನ್‌ನ ಮೇಲಿನ ಬೆಟ್ಟ ಹುಲ್ಲು, ಬಂಡೆಯದ್ದು. ನಮ್ಮದು ಸಿಂಗಳೀಕಗಳ ದಟ್ಟ ಕಾಡು. ಅಲ್ಲದೆ ಲಿಂಗನಮಕ್ಕಿಯಲ್ಲಿ 1964ಕ್ಕೆ ಮುಂಚೆ ಮನೆ ಬಿಟ್ಟವರಲ್ಲಿ ಎಷ್ಟೋ ಕುಟುಂಬಗಳಿಗೆ ಇನ್ನೂ ಹಕ್ಕುಪತ್ರ ಸಿಕ್ಕಿಲ್ಲ. ಹಳೆಯ ಬಾಕಿ ತೀರಿಸದೆ ಅದೇ ಕಣಿವೆಯನ್ನು ಮತ್ತೆ ಕೇಳುವುದು ಸರಿಯಲ್ಲ. ಈ ಮಾತನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಕ್ರುವಾಖನ್‌ನಲ್ಲೂ ಇನ್ನೊಂದು 600 ಮೆಗಾವಾಟ್ ಸೇರಿಸುವ ಯೋಜನೆಗೆ 2023ರಲ್ಲಿ ಸ್ಕಾಟ್ಲೆಂಡ್ ಸರ್ಕಾರ ಒಪ್ಪಿಗೆ ಕೊಟ್ಟಿದೆ. ನಮ್ಮ ಜೊತೆ ಬಂದಿದ್ದ ಹಿರಿಯರಿಗೆ ಕರೆಂಟಿಗಿಂತ ಸಾಲ್ಮನ್‌ನ ಚಿಂತೆ ಜಾಸ್ತಿ. ಸರೋವರದ ನೀರು ಬ್ರ್ಯಾಂಡರ್ ಕಣಿವೆಯಲ್ಲಿ ಆವ್ ನದಿಯಾಗಿ ಹೊರಬಿದ್ದು ಲಾಖ್ ಎಟಿವ್ ಅನ್ನುವ ಸಮುದ್ರದ ತೋಳಿಗೆ ಸೇರುತ್ತದೆ. ನದಿಗೆ ಅಡ್ಡವಾಗಿ ಒಂದು ಬ್ಯಾರೇಜ್ ಇದೆ. ಸಮುದ್ರದಿಂದ ಮೊಟ್ಟೆ ಇಡಲು ಮೇಲೆ ಬರುವ ಸಾಲ್ಮನ್‌ಗಳಿಗಾಗಿ ಅದರಲ್ಲಿ ಮೀನಿನ ಲಿಫ್ಟ್ ಇಟ್ಟಿದ್ದಾರೆ. ಮೀನು ಕೆಳಗಿನ ಕೋಣೆಗೆ ಬರುತ್ತದೆ, ಗೇಟು ಮುಚ್ಚಿ ನೀರು ತುಂಬಿಸುತ್ತಾರೆ, ಮೀನು ನೀರಿನ ಜೊತೆ ಮೇಲೇರಿ ಆಚೆ ಈಜಿ ಹೋಗುತ್ತದೆ. ಹೋದ ಮೀನುಗಳ ಎಣಿಕೆಯೂ ನಡೆಯುತ್ತದೆ. ನಮ್ಮಲ್ಲಿ ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತುಮೀನು ಬರುತ್ತವಲ್ಲ, ಕೂಣಿ ಇಟ್ಟು ಹಿಡಿಯುತ್ತೇವಲ್ಲ, ಸಾಲ್ಮನ್ ಹತ್ತುವುದೂ ಹಾಗೇ ಅಂತ ಹೇಳಿದೆ. ಅವರು ಕೂಣಿ ಹೇಗಿರುತ್ತದೆ ಅಂತ ಚಿತ್ರ ಬರೆಸಿಕೊಂಡರು. ಬ್ರಿಟನ್ನಿನ ಸಾಲ್ಮನ್ ಅಳಿವಿನಂಚಿನಲ್ಲಿದೆ ಅಂತ 2023ರ ಡಿಸೆಂಬರಿನಲ್ಲಿ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ತನ್ನ ಪಟ್ಟಿಗೆ ಸೇರಿಸಿತು. ಬಿಸಿಯಾಗುತ್ತಿರುವ ಸಮುದ್ರ, ಮೀನು ಸಾಕಣೆಯಿಂದ ಹರಡುವ ಹೇನು, ನದಿಗೆ ಅಡ್ಡ ಬಂದ ಕಟ್ಟೆಗಳು, ಹೀಗೆ ಕಾರಣ ಒಂದಲ್ಲ. ಅವರಂತೂ ಸಾಲ್ಮನ್‌ಗೆ ಗಾಳ ಹಾಕುವುದನ್ನೇ ಬಿಟ್ಟಿದ್ದಾರೆ.

ದಡದಲ್ಲಿರುವ ಲಾಖ್ ಆವ್ ಹಳ್ಳಿಯಲ್ಲಿ ಸೇಂಟ್ ಕೋನನ್ಸ್ ಕರ್ಕ್ ಅನ್ನುವ ಚರ್ಚು ಇದೆ. ವಾಲ್ಟರ್ ಡಗ್ಲಸ್ ಕ್ಯಾಂಪ್‌ಬೆಲ್ ತಾವೇ ನಕ್ಷೆ ಮಾಡಿ, ಬೆಟ್ಟದಿಂದ ಉರುಳಿಸಿದ ಬಂಡೆಗಳನ್ನೇ ಕಡಿಸಿ ಕಟ್ಟಿಸಿದರಂತೆ. ಸೂರಿನ ನೀರು ಸುರಿಯುವ ಕಡೆ ಸೀಸದ ಮೊಲಗಳಿವೆ, ತಲೆ ಎತ್ತಿ ನೋಡಲು ಮರೆಯಬೇಡಿ.

ಹೋಗುವವರಿಗೆ ಇಷ್ಟು ಹೇಳುತ್ತೇನೆ. ಕಾರು ಬೇಡ, ಗ್ಲಾಸ್ಗೋ ಕ್ವೀನ್ ಸ್ಟ್ರೀಟಿನಿಂದ ಓಬನ್ ರೈಲು ಹಿಡಿಯಿರಿ. ಕ್ರಿಯನ್‌ಲಾರಿಕ್‌ನಲ್ಲಿ ರೈಲು ಎರಡು ಭಾಗವಾಗುವುದುಂಟು, ಓಬನ್ ಕಡೆಯ ಬೋಗಿಯಲ್ಲೇ ಕೂತಿದ್ದೀರಾ ನೋಡಿಕೊಳ್ಳಿ. ಲಾಖ್ ಆವ್ ನಿಲ್ದಾಣದಲ್ಲಿ ಇಳಿದರೆ ನೀರು ಪ್ಲಾಟ್‌ಫಾರಂ ಪಕ್ಕದಲ್ಲೇ. ಬೆಟ್ಟ ಹತ್ತುವವರು ಒಂದು ಸ್ಟೇಷನ್ ಮುಂದೆ ಹೋಗಬೇಕು. ವಿದ್ಯುತ್ ಕೇಂದ್ರದ ಪಕ್ಕದಲ್ಲೇ ಇದ್ದರೂ ಆ ನಿಲ್ದಾಣಕ್ಕೆ ದೀಪ ಇಲ್ಲ, ಹಾಗಾಗಿ ಬೇಸಿಗೆಯಲ್ಲಿ ಬೆಳಕಿರುವಾಗ ಮಾತ್ರ ರೈಲು ನಿಲ್ಲುತ್ತದೆ. ಮಳೆ ಅಂಗಿ, ಮಿಡ್ಜ್ ಸ್ಪ್ರೇ, ಗಾಳ ಹಾಕುವುದಾದರೆ ಪರ್ಮಿಟ್. ಅಪ್ಪ ಅಮ್ಮ ಜೊತೆಗಿದ್ದು ಬೆಟ್ಟ ಹತ್ತಲಾಗದಿದ್ದರೆ ಚಿಂತೆ ಬೇಡ, ರೈಲು ಡಾಲ್ಮಲಿ ನಿಲ್ದಾಣ ದಾಟಿದ ಮೇಲೆ ಕೋಟೆ, ದ್ವೀಪ, ಸರೋವರ ಎಲ್ಲ ಕೂತಲ್ಲೇ ಕಾಣುತ್ತವೆ. ಅವರಿಗೆ ಎಡಗಡೆಯ ಕಿಟಕಿ ಕೊಡಿ.